ಬಾಡಿಗೆಯ ವಾಹನವೂ ಅನರ್ಥದಂಡ ವಿರತಿಯೂ



ವ್ರತಗಳ ಮಾತು ಬಂದಾಗ ನಾವು ಸಾಮಾನ್ಯವಾಗಿ ಆಹಾರದ ವಿಷಯವನ್ನೇ ಮುಂದಿಡುತ್ತೇವೆ. ಏನನ್ನು ತಿನ್ನಬಹುದು, ಏನನ್ನು ಬಿಡಬೇಕು, ಅಷ್ಟಮಿ-ಚತುರ್ದಶಿಗಳಲ್ಲಿ ಏಕಾಶನವೋ ಉಪವಾಸವೋ, ಸೂರ್ಯಾಸ್ತಕ್ಕೆ ಎಷ್ಟು ಮೊದಲು ಊಟ ಮುಗಿಸಬೇಕು ಎಂಬುದೆಲ್ಲ ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದಿದೆ. ಆದರೆ ನಮ್ಮ ಒಡೆತನದಲ್ಲಿರುವ ವಸ್ತುಗಳು ನಮ್ಮ ಕಣ್ಣಿಗೆ ಕಾಣದ ಕಡೆ, ನಮಗೆ ಪರಿಚಯವಿಲ್ಲದವರ ಕೈಯಲ್ಲಿ ಏನು ಮಾಡುತ್ತವೆ ಎಂಬುದನ್ನು ನಾವು ವ್ರತದ ವಿಷಯವೆಂದು ಎಣಿಸುವುದು ಕಡಿಮೆ. ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಅವನಿಗೆ ನಾನು ಕೊಟ್ಟ ಉತ್ತರವನ್ನು ವಾಚಕರ ಪರಾಮರ್ಶೆಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಆಕಿಂಚನ್ಯದ ದಿನ, ಆತ ದಡ್ಡಿಯಲ್ಲಿರುವ ನಮ್ಮ ಮನೆಗೆ ಬಂದ. ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ. ಐದು ಅಣುವ್ರತಗಳನ್ನೂ ಮೂರು ಗುಣವ್ರತಗಳನ್ನೂ ಮುನಿಗಳ ಸಾನ್ನಿಧ್ಯದಲ್ಲಿ ಸ್ವೀಕರಿಸಿ ನಿಷ್ಠೆಯಿಂದ ಪಾಲಿಸುತ್ತಿರುವವನು. ಎರಡು ವರ್ಷಗಳ ಹಿಂದೆ ಆತ ಸಾಲ ಮಾಡಿ ಒಂದು ಸ್ಪೋರ್ಟ್ಸ್ ಕಾರನ್ನು ಕೊಂಡಿದ್ದಾನೆ. ಎರಡೇ ಆಸನ, ನೆಲಕ್ಕೆ ತಾಗುವಂಥ ತಗ್ಗಾದ ಒಡಲು, ದೂರದಿಂದಲೇ ಕೇಳುವ ಯಂತ್ರದ ಗರ್ಜನೆ. ನಮ್ಮ ಊರಿನ ಹಾದಿಯ ಉಬ್ಬುತಗ್ಗುಗಳನ್ನು ಅದು ದಾಟಲಾರದಾದ್ದರಿಂದ ಅದನ್ನು ಬೆಂಗಳೂರಿನಲ್ಲೇ ಬಿಟ್ಟು ಬಸ್ಸಿನಲ್ಲಿ ಬಂದಿದ್ದ. ಕಾರು ತಿಂಗಳಿನಲ್ಲಿ ಎರಡು ಭಾನುವಾರ ಮಾತ್ರ ಹೊರಗೆ ಬರುತ್ತದೆ. ಉಳಿದ ದಿನಗಳೆಲ್ಲ ಹೊದಿಕೆಯ ಕೆಳಗೆ ನಿಂತಿರುತ್ತದೆ. ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬರುತ್ತದೆ.

ಹೀಗಿರುವಾಗ ಮಿತ್ರರು ಅವನಿಗೊಂದು ಉಪಾಯ ಹೇಳಿದರು. ಸ್ವಂತ ಕಾರನ್ನು ದಿನದ ಲೆಕ್ಕದಲ್ಲಿ ಅಪರಿಚಿತರಿಗೆ ಬಾಡಿಗೆಗೆ ಕೊಡುವುದು ಈಗ ಮೊಬೈಲಿನ ಮೂಲಕವೇ ನಡೆಯುವ ವ್ಯವಹಾರ. ಅಮೆರಿಕದಲ್ಲಿ ಮೊದಲು ರಿಲೇರೈಡ್ಸ್ ಎಂದಿದ್ದು ೨೦೧೫ರಲ್ಲಿ ಟ್ಯೂರೊ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆ ಇದಕ್ಕೆ ಪ್ರಸಿದ್ಧವಾಯಿತು. ನಮ್ಮಲ್ಲಿ ೨೦೧೩ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜೂಮ್‌ಕಾರ್ ಮೊದಲು ತನ್ನವೇ ಕಾರುಗಳನ್ನು ಬಾಡಿಗೆಗೆ ಕೊಡುತ್ತಿದ್ದು, ಅನಂತರ ಇತರರ ಕಾರುಗಳನ್ನೂ ಬಾಡಿಗೆಗೆ ಒದಗಿಸುವ ಪದ್ಧತಿಗೆ ಬಂದಿತು. ಸಾಧಾರಣ ಕಾರಿಗಿಂತ ಸ್ಪೋರ್ಟ್ಸ್ ಕಾರಿಗೆ ಬಾಡಿಗೆ ಹೆಚ್ಚು. ತಿಂಗಳಿಗೆ ಕೆಲವು ದಿನ ಕೊಟ್ಟರೂ ಕಂತಿನ ಭಾರ ಇಳಿಯುತ್ತದೆ.

ಆತ ಕೇಳಿದ ಪ್ರಶ್ನೆ ಇಷ್ಟೇ: “ಗುರುಗಳೇ, ನಾನು ಕಾರನ್ನು ಓಡಿಸುವುದಿಲ್ಲ, ಅದರಲ್ಲಿ ಹೋಗುವುದಿಲ್ಲ, ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ. ಬೀಗದ ಕೈಯನ್ನು ಮಾತ್ರ ಕೊಡುತ್ತೇನೆ. ಇದರಿಂದ ನನ್ನ ವ್ರತಕ್ಕೆ ಭಂಗವುಂಟೇ? ಶಾಸ್ತ್ರ ಬರೆದ ಕಾಲದಲ್ಲಿ ಕಾರುಗಳೇ ಇರಲಿಲ್ಲವಲ್ಲ?”

ಮೊದಲು ಕೊನೆಯ ಮಾತನ್ನೇ ತೆಗೆದುಕೊಳ್ಳೋಣ. ಕಾರು ಇರಲಿಲ್ಲ, ನಿಜ. ಆದರೆ ಬಾಡಿಗೆಯ ವಾಹನ ಇತ್ತು. ಬಾಡಿಗೆ ಎಂಬ ನಮ್ಮ ಶಬ್ದವೇ ಭಾಟಕ ಎಂಬುದರ ತದ್ಭವ. ಕ್ರೂರ ಜೀವಿಕೆಗಳೆಂದು ಎಣಿಸಲಾದ ಹದಿನೈದು ಖರಕರ್ಮಗಳ ಪಟ್ಟಿಯಲ್ಲಿ ಭಾಟಕ ಜೀವಿಕೆಯೂ ಒಂದು. ಗಾಡಿ, ಎತ್ತು, ಕುದುರೆಗಳಿಂದ ಹೊರೆ ಹೊರಿಸಿ ಆ ಬಾಡಿಗೆಯಿಂದ ಬದುಕುವುದು ಎಂದು ಅದರ ಅರ್ಥ. ಕ್ರಿ.ಶ. ೧೩ನೆಯ ಶತಮಾನದ ಪಂಡಿತ ಆಶಾಧರರು ತಮ್ಮ ಸಾಗಾರಧರ್ಮಾಮೃತದಲ್ಲಿ ಈ ಪಟ್ಟಿಯನ್ನು ಹೇಳಿ, ಅದರ ಮೇಲೆ ಒಂದು ಮಾತನ್ನೂ ಸೇರಿಸುತ್ತಾರೆ. ಲೋಕದಲ್ಲಿ ಸಾವದ್ಯ ಕರ್ಮಗಳು ಅಸಂಖ್ಯಾತವಾಗಿರುವಾಗ ಹದಿನೈದೆಂದು ಎಣಿಸಿ ಹೇಳುವುದು ಅಷ್ಟು ಉಚಿತವಲ್ಲ. ಬಹಳ ಮಂದಬುದ್ಧಿಗಳಿಗಾಗಿ ಬೇಕಾದರೆ ಹಾಗೆ ಹೇಳಬಹುದು ಎಂಬುದು ಅವರ ಅಭಿಪ್ರಾಯ. ಆದ್ದರಿಂದ ಪಟ್ಟಿಯಲ್ಲಿ ಕಾರು ಇದೆಯೇ ಇಲ್ಲವೇ ಎಂದು ಹುಡುಕುವುದು ಶ್ರಾವಕನ ಮಾರ್ಗವಲ್ಲ. ಪಟ್ಟಿಯ ಹಿಂದಿರುವ ಕಾರಣವನ್ನು ತಿಳಿದು ಅದನ್ನು ಇಂದಿನ ವಸ್ತುವಿಗೆ ಅನ್ವಯಿಸಬೇಕು.

ಇಲ್ಲಿ ತಪ್ಪು ತಿಳಿವಳಿಕೆಗೆ ಎಡೆಯಿರಬಾರದು. ನಮ್ಮ ಹತ್ತರಗಿಯ ಹೆದ್ದಾರಿಯ ಬದಿಯಲ್ಲಿ ಬಾಡಿಗೆ ಕಾರು ನಿಲ್ಲಿಸಿಕೊಂಡು, ಅರ್ಧರಾತ್ರಿಯಲ್ಲಿ ಬಸುರಿಯನ್ನು ಬೆಳಗಾವಿಯ ಆಸ್ಪತ್ರೆಗೆ ಮುಟ್ಟಿಸುವ ಚಾಲಕನನ್ನು ನಾನು ಖರಕರ್ಮಿ ಎನ್ನಲಾರೆ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ. ಆರಂಭೀ, ಉದ್ಯೋಗೀ ಹಿಂಸೆಗಳನ್ನು ಅವನು ಸಂಪೂರ್ಣವಾಗಿ ಬಿಡಲಾರ, ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು. ಆ ಚಾಲಕನಿಗೆ ಅದು ಅನ್ನದ ಮಾರ್ಗ. ಚಕ್ರವನ್ನು ಹಿಡಿದವನೂ ಅವನೇ, ಹಾದಿಯನ್ನು ನೋಡುವವನೂ ಅವನೇ. ನನ್ನ ವಿದ್ಯಾರ್ಥಿಗಾದರೋ ಇದು ಜೀವಿಕೆಯಲ್ಲ. ಹಾದಿಯನ್ನು ನೋಡುವವನು ಬೇರೆ, ಹಣ ಪಡೆಯುವವನು ಬೇರೆ. ಈ ಅಂತರವೇ ನಮ್ಮ ವಿಚಾರದ ಕೇಂದ್ರ.

ತತ್ತ್ವಾರ್ಥ ಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಅಧಿಕರಣಗಳನ್ನು ಜೀವ, ಅಜೀವ ಎಂದು ಎರಡಾಗಿ ವಿಂಗಡಿಸಲಾಗಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು. ಮನ, ವಚನ, ಕಾಯ ಎಂಬ ಮೂರು ಯೋಗ. ಕೃತ, ಕಾರಿತ, ಅನುಮತ ಎಂಬ ಮೂರು. ಕ್ರೋಧಾದಿ ನಾಲ್ಕು ಕಷಾಯಗಳು. ಇವನ್ನು ಗುಣಿಸಿದರೆ ನೂರೆಂಟು. ಜಪಮಾಲೆಯ ನೂರೆಂಟು ಮಣಿಗಳನ್ನು ಎಣಿಸುವಾಗ ಈ ನೂರೆಂಟು ದ್ವಾರಗಳನ್ನು ನೆನೆಯಬೇಕೆಂದು ನಮ್ಮ ಹಿರಿಯರು ಕಲಿಸಿದ್ದರು. “ನಾನು ಓಡಿಸುವುದಿಲ್ಲ” ಎಂದ ನನ್ನ ವಿದ್ಯಾರ್ಥಿ ಈ ನೂರೆಂಟರಲ್ಲಿ ಮೂವತ್ತಾರನ್ನು ಮಾತ್ರ ಮುಚ್ಚಿದಂತಾಯಿತು. ಕಾರಿತ, ಅನುಮತಗಳ ಎಪ್ಪತ್ತೆರಡು ಬಾಗಿಲುಗಳು ಇನ್ನೂ ತೆರೆದೇ ಇವೆ.

ಈ ಗಣಿತ ನನಗೆ ಪುಸ್ತಕದಿಂದ ಮಾತ್ರ ತಿಳಿದದ್ದಲ್ಲ. ನಾನು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಮನೆಯಲ್ಲಿ ಒಂದು ಜೋಡಿ ಎತ್ತುಗಳಿದ್ದವು. ಹೊಲದ ಕೆಲಸಕ್ಕೆಂದೇ ಸಾಕಿದವು. ಆದರೆ ನಡಿಗೆಯಲ್ಲಿ ಬಹಳ ಚುರುಕು. ನಮ್ಮ ಭಾಗದಲ್ಲಿ ಜಾತ್ರೆಗಳ ಸಮಯದಲ್ಲಿ ಗಾಡಿ ಶರ್ಯತ್ತುಗಳು ನಡೆಯುವುದು ವಾಚಕರಿಗೆ ತಿಳಿದೇ ಇದೆ. ಹಗುರವಾದ ಗಾಡಿ, ಅದಕ್ಕೆ ಬಲಿಷ್ಠ ಎತ್ತುಗಳು, ಮೇಲೆ ಒಬ್ಬನೇ ಸವಾರ. ಹೊರೆ ಹೊರುವುದಕ್ಕೂ ಅಲ್ಲ, ಊರು ಸೇರುವುದಕ್ಕೂ ಅಲ್ಲ, ಓಡುವುದಕ್ಕಾಗಿಯೇ ಓಡುವ ಗಾಡಿ ಅದು. ಆ ಕಾಲದ ಸ್ಪೋರ್ಟ್ಸ್ ಕಾರು ಅದೇ ಎನ್ನಬೇಕು.

ಒಂದು ವರ್ಷ ಮಳೆ ಕೈಕೊಟ್ಟಿತ್ತು. ಮನೆಯಲ್ಲಿ ಹಣವಿರಲಿಲ್ಲ. ಪರಿಚಯವಿಲ್ಲದ ಬೇರೆ ಊರಿನವನೊಬ್ಬ ಬಂದು, ನೆರೆಯೂರಿನ ಜಾತ್ರೆಯ ಶರ್ಯತ್ತಿಗೆ ಎತ್ತುಗಳನ್ನು ಎರಡು ದಿನದ ಮಟ್ಟಿಗೆ ಬಾಡಿಗೆಗೆ ಕೇಳಿದ. ತಂದೆಯವರು ತುಸು ಯೋಚಿಸಿ ಒಪ್ಪಿದರು. “ಹೊಡೆಯಬೇಡ” ಎಂದು ಒಂದು ಮಾತು ಹೇಳಿದ್ದು ನನಗೆ ನೆನಪಿದೆ. ಬಂದ ಹಣದಲ್ಲಿ ನನಗೆ ಆ ವರ್ಷದ ಪುಸ್ತಕಗಳು ಬಂದವು. ನಾನು ಗೆಳೆಯರೊಡನೆ ಶರ್ಯತ್ತು ನೋಡಲು ಹೋಗಿ, ನಮ್ಮ ಎತ್ತುಗಳು ಮುಂದೆ ಬರುವುದನ್ನು ಕಂಡು ಗಂಟಲು ಹರಿಯುವಂತೆ ಕೂಗಿದೆ. ಮರುದಿನ ಎತ್ತುಗಳು ಮನೆಗೆ ಬಂದಾಗ ಅವುಗಳ ಹಿಂದೊಡೆಗಳಲ್ಲಿ ಮೊಳೆ ಚುಚ್ಚಿದ ಗಾಯಗಳಿದ್ದವು. ಎಡಗಡೆಯ ಎತ್ತಿನ ಬಾಲದ ಮೇಲೆ ಕಚ್ಚಿದ ಗುರುತಿತ್ತು. ಅದು ಎರಡು ದಿನ ಮೇವು ಮುಟ್ಟಲಿಲ್ಲ.

ತಂದೆಯವರು ಸವಾರನನ್ನು ಬೈಯಲಿಲ್ಲ. ಗಾಯಗಳಿಗೆ ಎಣ್ಣೆ-ಅರಿಸಿನ ಹಚ್ಚುತ್ತ, “ಚುಚ್ಚಿದವನು ಅವನು, ಚುಚ್ಚಿಸಿದವನು ನಾನು” ಎಂದಷ್ಟೇ ಹೇಳಿದರು. ಆ ವರ್ಷವಿಡೀ ಪ್ರತಿ ಚತುರ್ದಶಿಗೂ ಉಪವಾಸ ಮಾಡಿದರು. ಎತ್ತುಗಳು ಬಾಡಿಗೆಗಾಗಲಿ ಎರವಲಾಗಲಿ ಪರಿಚಯವಿಲ್ಲದವರ ಕೈಗೆ ಹೋಗಬಾರದೆಂದು ನಿಯಮ ಮಾಡಿಕೊಂಡರು. ನನಗೆ ಅವರೇನೂ ಹೇಳಲಿಲ್ಲ. ಆದರೆ ಕೃತ, ಕಾರಿತ, ಅನುಮತ ಎಂಬ ಮೂರು ಶಬ್ದಗಳನ್ನು ಮುಂದೆ ಓದಿದಾಗ, ಸವಾರ, ತಂದೆ, ಮತ್ತು ಅಂಚಿನಲ್ಲಿ ನಿಂತು ಕೂಗಿದ ಹುಡುಗ, ಮೂವರೂ ನನ್ನ ಕಣ್ಣ ಮುಂದೆ ಬಂದರು.

ಇಂಥ ಓಟಗಳನ್ನು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಷೇಧಿಸಿತ್ತು. ಅನಂತರ ಕರ್ನಾಟಕವು ಕಾಯಿದೆಗೆ ತಿದ್ದುಪಡಿ ತಂದಿತು. ೨೦೨೩ರ ಮೇ ೧೮ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ರಾಜ್ಯದ ನಿಯಮ ಹೀಗೆ ಕಾಲಕಾಲಕ್ಕೆ ಬದಲಾಗುವುದು ಸಹಜ. ವ್ರತಿಯಾದವನು ಅದನ್ನು ಪಾಲಿಸಬೇಕು. ಆದರೆ ಅಲ್ಲಿಗೇ ನಿಲ್ಲಬಾರದು.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ಹೇಳಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಕೊಡಲಿ, ಖಡ್ಗ, ಗುದ್ದಲಿ, ಬೆಂಕಿ, ಸರಪಣಿ ಮೊದಲಾದ ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದು ಹಿಂಸಾದಾನ. ಈ ಪಟ್ಟಿಯಲ್ಲಿ ಖಡ್ಗದ ಜೊತೆಗೆ ಗುದ್ದಲಿಯೂ ಬೆಂಕಿಯೂ ಇರುವುದನ್ನು ಗಮನಿಸಬೇಕು. ಗುದ್ದಲಿ ಹೊಲಕ್ಕೆ ಬೇಕು, ಬೆಂಕಿ ಅಡಿಗೆಗೆ ಬೇಕು. ಹಾಗಾದರೆ ನೆರೆಯವಳು ಒಲೆಗೆಂದು ಕೆಂಡ ಕೇಳಿದರೆ ಕೊಡಬಾರದೇ? ಇದಕ್ಕೆ ಆಶಾಧರರು ಬಹಳ ವಿವೇಕದ ಉತ್ತರ ಕೊಟ್ಟಿದ್ದಾರೆ. ಅಡಿಗೆಯಂಥ ನಿರ್ದೋಷ ಕಾರ್ಯಕ್ಕೆಂದು ಕೇಳಿದರೂ, ಪರಸ್ಪರ ವ್ಯವಹಾರ-ದಾಕ್ಷಿಣ್ಯಗಳಿಲ್ಲದವರಿಗೆ ಬೆಂಕಿ ಮೊದಲಾದುವನ್ನು ಕೊಡಬಾರದೆಂಬುದು ಅವರ ಮತ. ಅಂದರೆ ಪರಿಚಿತನಿಗೂ ಅಪರಿಚಿತನಿಗೂ ನಡುವೆ ಶಾಸ್ತ್ರವೇ ಗೆರೆ ಎಳೆದಿದೆ. ನೆರೆಯವಳ ಒಲೆ ನಮಗೆ ಗೊತ್ತು, ಅವಳ ಸ್ವಭಾವ ಗೊತ್ತು, ನಾಳೆ ಅವಳ ಮುಖ ನೋಡಬೇಕಾಗಿದೆ. ಆ ಪರಿಚಯವೇ ಕೆಂಡಕ್ಕೆ ಕಾವಲು. ಅಪರಿಚಿತನ ವಿಷಯದಲ್ಲಿ ಈ ಕಾವಲು ಇಲ್ಲ.

ಈಗ ಸ್ಪೋರ್ಟ್ಸ್ ಕಾರಿಗೂ ಸಾಧಾರಣ ಕಾರಿಗೂ ಇರುವ ಭೇದವನ್ನು ನೋಡೋಣ. ಸಾಧಾರಣ ಕಾರನ್ನು ಬಾಡಿಗೆಗೆ ಪಡೆಯುವವನಿಗೆ ಬೇಕಾದದ್ದು ಪ್ರಯಾಣ. ಮದುವೆಗೋ ತೀರ್ಥಯಾತ್ರೆಗೋ ಹೋಗಿ ಬರುತ್ತಾನೆ. ಸ್ಪೋರ್ಟ್ಸ್ ಕಾರನ್ನು ಒಂದು ದಿನದ ಮಟ್ಟಿಗೆ ಪಡೆಯುವವನಿಗೆ ಬಹುಮಟ್ಟಿಗೆ ಬೇಕಾದದ್ದು ವೇಗ, ಇಲ್ಲವೇ ಪ್ರದರ್ಶನ. ಆ ಯಂತ್ರದ ಅಭ್ಯಾಸ ಅವನಿಗಿಲ್ಲ. ಕೈಯಲ್ಲಿರುವುದು ಒಂದೇ ದಿನವಾದ್ದರಿಂದ, ಕೊಟ್ಟ ಹಣದ ಸುಖವನ್ನೆಲ್ಲ ಅಷ್ಟರಲ್ಲೇ ಪಡೆಯಬೇಕೆಂಬ ಆತುರವಿದೆ. ವಸ್ತು ತನ್ನದಲ್ಲವಾದ್ದರಿಂದ ಅದರ ಮೇಲೆ ಮಮತೆಯೂ ಇಲ್ಲ.

ವೇಗವೆಂದರೇನೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಈರ್ಯಾ ಸಮಿತಿಯಲ್ಲಿ ಮುನಿಗಳು ನಾಲ್ಕು ಹಸ್ತ, ಎಂದರೆ ಸುಮಾರು ಆರು ಅಡಿ ನೆಲವನ್ನು ಮುಂದೆ ನೋಡುತ್ತ ನಡೆಯುತ್ತಾರೆ. ನಮ್ಮ ಜಿಲ್ಲೆಯ ಭೋಜದವರಾದ, ೧೮೭೨ರಲ್ಲಿ ಜನಿಸಿದ ಆಚಾರ್ಯ ಶಾಂತಿಸಾಗರರೂ, ಸದಲಗಾದಲ್ಲಿ ೧೯೪೬ರಲ್ಲಿ ಜನಿಸಿ ೨೦೨೪ರಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರರೂ ಭಾರತದ ಉದ್ದಗಲವನ್ನು ಹೀಗೆ ನೆಲ ನೋಡುತ್ತಲೇ ಕಾಲ್ನಡಿಗೆಯಲ್ಲಿ ವಿಹರಿಸಿದರು. ಗಂಟೆಗೆ ೧೦೦ ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು ೨೮ ಮೀಟರ್, ಅಂದರೆ ೯೦ ಅಡಿಗೂ ಮಿಕ್ಕಿ ಸಾಗುತ್ತದೆ. ೧೮೦ ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ೫೦ ಮೀಟರ್. ಚಾಲಕನ ಕಣ್ಣು ಕಂಡದ್ದನ್ನು ಕಾಲು ತಿಳಿದು ತಡೆಯನ್ನು ಒತ್ತುವ ಮೊದಲೇ ಹೊಲದ ಒಂದು ಬದು ದಾಟಿಹೋಗಿರುತ್ತದೆ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಮಡಿಯಾಗುತ್ತದೆಂದು ನಾನು ತರಗತಿಯಲ್ಲಿ ಎಷ್ಟೋ ಸಲ ಕಲಿಸಿದ್ದೇನೆ. ಗೃಹಸ್ಥನಿಂದ ಮುನಿಯ ಸಮಿತಿಯನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ನೋಡಿ ನಡೆಯುವುದನ್ನೇ ಅಸಾಧ್ಯವಾಗಿಸುವ ವಸ್ತುವನ್ನು ಅಪರಿಚಿತನಿಗೆ ಹಣಕ್ಕೆ ಕೊಡುವುದು, ಅದೂ ಆ ಕಾರಣಕ್ಕಾಗಿಯೇ ಹೆಚ್ಚು ಹಣ ಪಡೆದು ಕೊಡುವುದು, ಅಣುವ್ರತಿಗೆ ಹೇಗೆ ಒಪ್ಪುತ್ತದೆ?

೨೦೨೪ರ ಮೇ ೧೯ರಂದು ಪುಣೆಯ ಕಲ್ಯಾಣಿನಗರದಲ್ಲಿ ಪೋರ್ಶೆ ಕಾರೊಂದು ಮೋಟಾರು ಸೈಕಲಿಗೆ ಅಪ್ಪಳಿಸಿ, ಅದರ ಮೇಲಿದ್ದ ಇಬ್ಬರು ತರುಣ ಇಂಜಿನಿಯರರು ಮೃತಪಟ್ಟರು. ಕಾರು ಓಡಿಸುತ್ತಿದ್ದವನು ೧೭ ವರ್ಷದ ಬಾಲಕನೆಂದು ಪೊಲೀಸರು ಹೇಳಿದರು. ಕಾರನ್ನು ಅವನ ಕೈಗೆ ಕೊಟ್ಟರೆಂದು ತಂದೆಯ ಮೇಲೂ ಪ್ರಕರಣ ದಾಖಲಾಯಿತು. ಬಾಲನ್ಯಾಯ ಮಂಡಳಿಯು ಮೊದಲು ಜಾಮೀನು ಕೊಡುವಾಗ ಅಪಘಾತದ ಬಗ್ಗೆ ೩೦೦ ಪದಗಳ ಪ್ರಬಂಧ ಬರೆಯಲು ಹೇಳಿದ್ದು ದೇಶದಲ್ಲೆಲ್ಲ ಆಕ್ರೋಶಕ್ಕೆ ಕಾರಣವಾಯಿತು. ಅಲ್ಲಿ ಬಾಡಿಗೆಯ ಮಾತಿಲ್ಲ; ಮಗನ ಮೇಲಿನ ಪ್ರೀತಿಯ ಮಾತು. ಸ್ವಂತ ಮಗನ ಕೈಗೆ ಕೊಟ್ಟದ್ದಕ್ಕೇ ಒಡೆಯನು ಉತ್ತರ ಹೇಳಬೇಕಾಗುವುದಾದರೆ, ಹೆಸರನ್ನು ಮಾತ್ರ ತಿಳಿದ ಅಪರಿಚಿತನಿಗೆ ಕೊಟ್ಟವನ ಗತಿಯೇನು?

ಇನ್ನೊಂದು ಪ್ರಸಂಗ ಇದಕ್ಕಿಂತ ಕಠಿಣವಾದದ್ದು. ೨೦೨೫ರ ಜನವರಿ ೧ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಒಬ್ಬನು ಹೊಸವರ್ಷದ ಜನಸಂದಣಿಯ ಮೇಲೆ ವಾಹನ ಹರಿಸಿ ಹದಿನಾಲ್ಕು ಜನರನ್ನು ಕೊಂದನು. ಅದೇ ದಿನ ಲಾಸ್ ವೇಗಸ್ ನಗರದಲ್ಲಿ ಹೋಟೆಲೊಂದರ ಮುಂದೆ ಮತ್ತೊಂದು ವಾಹನ ಸ್ಫೋಟಗೊಂಡಿತು. ಎರಡನ್ನೂ ಅದೇ ಟ್ಯೂರೊ ಮೂಲಕ ಬಾಡಿಗೆಗೆ ಪಡೆಯಲಾಗಿತ್ತು. ಪಡೆದವರ ಪೂರ್ವಚರಿತ್ರೆಯಲ್ಲಿ ಅಪಾಯದ ಸೂಚನೆ ಇರಲಿಲ್ಲವೆಂದು ಸಂಸ್ಥೆ ತಿಳಿಸಿತು. ಹಾಗಾದರೆ ಆ ವಾಹನ ಕೊಟ್ಟ ಒಡೆಯರು ಹಂತಕರೇ? ಖಂಡಿತ ಅಲ್ಲ. ಜೈನ ದರ್ಶನವು ಹಿಂಸೆಯನ್ನು ಫಲದಿಂದ ಮಾತ್ರ ಅಳೆಯುವುದಿಲ್ಲ. ಪ್ರಮಾದದಿಂದ ಕೂಡಿದ ಯೋಗವೇ ಹಿಂಸೆಯ ಮೂಲ. ನೋಡಿ ಎಚ್ಚರದಿಂದ ಹೆಜ್ಜೆಯಿಟ್ಟ ಮುನಿಯ ಪಾದದ ಕೆಳಗೆ ಕೀಟವೊಂದು ಬಂದು ಸತ್ತರೆ ಅವರಿಗೆ ಬಂಧವಿಲ್ಲವೆಂದೂ, ಎಚ್ಚರವಿಲ್ಲದೆ ನಡೆದವನಿಗೆ ಜೀವ ಸಾಯದಿದ್ದರೂ ಹಿಂಸೆಯ ದೋಷ ತಪ್ಪದೆಂದೂ ಆಚಾರ್ಯರು ಹೇಳಿದ್ದಾರೆ.

ಈ ತತ್ತ್ವವೇ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಬೇಕು. ಅಪಘಾತವಾಗದೆ ಕಾರು ಸುರಕ್ಷಿತವಾಗಿ ಮರಳಿತೆಂದ ಮಾತ್ರಕ್ಕೆ ಕೊಟ್ಟವನು ನಿರ್ದೋಷಿಯಲ್ಲ. ಕೊಡುವಾಗ ಅವನು ಏನನ್ನು ನೋಡಿದನೆಂಬುದು ಮುಖ್ಯ. ನಾನು ವಿದ್ಯಾರ್ಥಿಯನ್ನು ಇದನ್ನೇ ಕೇಳಿದೆ: “ಕಾರನ್ನು ಕೊಡುವಾಗ ನೀನು ಏನೇನು ಪರೀಕ್ಷಿಸುವೆ?” ಆತ ಪ್ರಾಮಾಣಿಕವಾಗಿ ಹೇಳಿದ: “ಚಾಲನಾ ಪರವಾನಗಿ, ಠೇವಣಿ ಹಣ, ಕಾರಿನ ನಾಲ್ಕೂ ಬದಿಯ ಛಾಯಾಚಿತ್ರ. ಗೀರು ಬಿದ್ದರೆ ತಿಳಿಯಬೇಕಲ್ಲ.” ಆಮೇಲೆ ತಾನೇ ಸುಮ್ಮನಾದ. ಬಣ್ಣಕ್ಕೆ ಬೀಳುವ ಗೀರನ್ನು ಇಷ್ಟು ಎಚ್ಚರದಿಂದ ನೋಡುವವರು ಹಾದಿಯಲ್ಲಿ ನಡೆಯುವ ಜೀವಗಳ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಅನರ್ಥದಂಡ ವ್ರತದ ಅತಿಚಾರಗಳಲ್ಲಿ ಅಸಮೀಕ್ಷ್ಯಾಧಿಕರಣ ಎಂಬುದು ಒಂದು. ಪ್ರಯೋಜನವನ್ನು ಸಮೀಕ್ಷಿಸದೆ ಸಾಧನಗಳನ್ನು ಸಜ್ಜುಗೊಳಿಸುವುದು ಎಂದು ಅದರ ತಾತ್ಪರ್ಯ. ಈ ದೋಷಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತೋಚುವುದಿಲ್ಲ.

ಇನ್ನು ಅಚೌರ್ಯ ವ್ರತದ ಮಾತು. ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಖಾಸಗಿ ಎಂದು ನೋಂದಾಯಿಸಿದ, ಬಿಳಿ ಫಲಕದ ವಾಹನವನ್ನು ಅನುಮತಿಯಿಲ್ಲದೆ ಬಾಡಿಗೆಗೆ ಬಳಸುವಂತಿಲ್ಲ. ಪಡೆದವನೇ ಓಡಿಸುವ ಬಾಡಿಗೆ ಕಾರುಗಳಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರಬೇಕು. ಅದಕ್ಕಾಗಿ ೧೯೮೯ರ ಪ್ರತ್ಯೇಕ ಯೋಜನೆಯೇ ಇದೆ. ಸ್ವಂತ ಬಳಕೆಗೆಂದು ಹೇಳಿ ವಿಮೆ ಪಡೆದ ಕಾರನ್ನು ಬಾಡಿಗೆಗೆ ಕೊಟ್ಟು ಅನಾಹುತವಾದರೆ, ವಿಮಾ ಸಂಸ್ಥೆಯು ಗಾಯಾಳುಗಳಿಗೆ ಪರಿಹಾರ ಕೊಟ್ಟರೂ ಆ ಹಣವನ್ನು ಒಡೆಯನಿಂದ ವಸೂಲು ಮಾಡಲು ನ್ಯಾಯಾಲಯ ಆದೇಶಿಸಬಹುದು. ಹಣದ ನಷ್ಟ ಹಾಗಿರಲಿ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದೆಂಬುದನ್ನು ವ್ರತಿಗಳು ಬಲ್ಲರು. ಲಾಭಕ್ಕಾಗಿ ರಾಜ್ಯದ ನಿಯಮವನ್ನು ಮೀರುವುದು ಅದು. ವಿಮಾ ಪತ್ರದಲ್ಲಿ ಒಂದನ್ನು ಬರೆದು ಹಾದಿಯಲ್ಲಿ ಇನ್ನೊಂದನ್ನು ನಡೆಸಿದರೆ ಸತ್ಯವ್ರತಕ್ಕೂ ಕುಂದು. ನಿಯಮದಂತೆ ನೋಂದಾಯಿಸಿ ಕೊಟ್ಟರೆ ಈ ಎರಡು ದೋಷಗಳು ನಿವಾರಣೆಯಾಗುತ್ತವೆ. ಮೇಲೆ ಹೇಳಿದ ಹಿಂಸಾದಾನದ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ನನ್ನ ವಿದ್ಯಾರ್ಥಿ ಸುಲಭವಾಗಿ ಸೋಲುವವನಲ್ಲ. ಆತ ಒಂದು ಒಳ್ಳೆಯ ಪ್ರತಿವಾದ ಹೂಡಿದ. “ಒಂದೇ ವಸ್ತುವನ್ನು ಹತ್ತು ಜನ ಬಳಸಿದರೆ ಹತ್ತು ವಸ್ತುಗಳು ಬೇಕಾಗುವುದಿಲ್ಲ. ಸುಮ್ಮನೆ ನಿಂತ ಕಾರನ್ನು ಹಂಚಿಕೊಳ್ಳುವುದು ಅಪರಿಗ್ರಹಕ್ಕೆ ಹತ್ತಿರವಲ್ಲವೇ?” ಈ ಮಾತಿನಲ್ಲಿ ಸತ್ಯಾಂಶವಿದೆಯೆಂದು ನಾನು ಒಪ್ಪುತ್ತೇನೆ. ಅಗತ್ಯದ ವಸ್ತುಗಳ ವಿಷಯದಲ್ಲಿ ಇದು ನಿಜ. ಒಂದು ರಾಶಿ ಯಂತ್ರವನ್ನು ಊರವರೆಲ್ಲ ಬಳಸುವುದು, ಒಂದು ಕಾರಿನಲ್ಲಿ ನಾಲ್ಕು ಮನೆಯವರು ಆಸ್ಪತ್ರೆಗೆ ಹೋಗುವುದು, ಇವೆಲ್ಲ ಪರಿಗ್ರಹವನ್ನು ಕಡಿಮೆ ಮಾಡುವ ಮಾರ್ಗಗಳೇ. ಆದರೆ ಸ್ಪೋರ್ಟ್ಸ್ ಕಾರನ್ನು ಒಂದು ದಿನ ಬಾಡಿಗೆಗೆ ಪಡೆಯುವವನು, ಇದು ಸಿಗದಿದ್ದರೆ ತಾನೊಂದನ್ನು ಕೊಳ್ಳುತ್ತಿದ್ದನೇ? ಇಲ್ಲ. ಅವನ ಮನಸ್ಸಿನಲ್ಲಿ ಇಲ್ಲದಿದ್ದ ಆಸೆಯನ್ನು ಈ ಬಾಡಿಗೆ ಹುಟ್ಟಿಸುತ್ತದೆ. ಹೀಗಾಗಿ ವಸ್ತು ಒಂದೇ ಇದ್ದರೂ ಮೂರ್ಛೆ ಹತ್ತು ಜನರಿಗೆ ಹಂಚಿಹೋಗುತ್ತದೆ. ಪರಿಗ್ರಹವೆಂದರೆ ಮೂರ್ಛೆಯೇ ಹೊರತು ಬರಿಯ ವಸ್ತುವಲ್ಲವೆಂದು ನಾವು ಓದಿಲ್ಲವೇ?

ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಸಮಂತಭದ್ರರು ಹೇಳಿರುವ ಕ್ರಮ ಈ ಪ್ರಸಂಗಕ್ಕೆಂದೇ ಬರೆದಂತಿದೆ. ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಾಹನ. ಲೋಭದಿಂದ ಎತ್ತು-ಕುದುರೆಗಳನ್ನು ಮಿತಿಮೀರಿ ಓಡಿಸುವುದು ಅತಿವಾಹನ. ಪರರ ಲಾಭವನ್ನು ಕಂಡು ಬೆರಗಾಗಿ ಕಳವಳಪಡುವುದು ವಿಸ್ಮಯ. ಮಿತ್ರನೊಬ್ಬ ತನ್ನ ಕಾರಿನಿಂದ ಇಷ್ಟು ಗಳಿಸಿದನೆಂದು ಕೇಳಿದ ಕ್ಷಣದಿಂದ ನನ್ನ ವಿದ್ಯಾರ್ಥಿಯ ನಿದ್ರೆ ಕೆಟ್ಟಿತಂತೆ. ಅವನೇ ಹೇಳಿದ ಮಾತು ಇದು. ಕೊಳ್ಳುವಾಗ ಅಗತ್ಯವನ್ನು ಮೀರಿ ಕೊಂಡನು. ಕೊಂಡದ್ದನ್ನು ಹೊರಲಾರದೆ ಈಗ ಅದನ್ನು ಅಪರಿಚಿತರ ಕೈಯಲ್ಲಿ ಓಡಿಸಲು ಹೊರಟಿದ್ದಾನೆ. ಆದ್ದರಿಂದ ರೋಗದ ಮೂಲ ಬಾಡಿಗೆಯಲ್ಲಿಲ್ಲ, ಕೊಂಡ ದಿನದಲ್ಲಿದೆ. ಪ್ರತಿದಿನ ಬೆಳಿಗ್ಗೆ ನಾವು ಸ್ಮರಿಸುವ ಹದಿನೇಳು ನಿಯಮಗಳಲ್ಲಿ ಭೋಜನದೊಡನೆ ವಾಹನವನ್ನೂ ಹಿರಿಯರು ಸೇರಿಸಿರುವುದು ಸುಮ್ಮನೆ ಅಲ್ಲ.

ಇಲ್ಲಿ ಉಪವಾಸ ಮಾಡುವ ನಮ್ಮೆಲ್ಲರಿಗೂ ಸಂಬಂಧಿಸಿದ ಒಂದು ಮಾತನ್ನು ಹೇಳಬೇಕು. ಚತುರ್ದಶಿಯ ದಿನ ವ್ರತಿಯು ಆಹಾರ ಬಿಟ್ಟು, ಆರಂಭ ಬಿಟ್ಟು, ಸಾಮಾಯಿಕದಲ್ಲಿ ಕುಳಿತಿದ್ದಾನೆಂದು ಭಾವಿಸೋಣ. ಅದೇ ಹೊತ್ತಿಗೆ ಅವನ ಕಾರು ಯಾರದೋ ಕೈಯಲ್ಲಿ ಹೆದ್ದಾರಿಯ ಮೇಲೆ ನೂರೈವತ್ತರ ವೇಗದಲ್ಲಿ ಓಡುತ್ತಿದೆ, ಗಂಟೆಗಂಟೆಗೂ ಬಾಡಿಗೆ ಏರುತ್ತಿದೆ. ಪ್ರೋಷಧದ ದಿನ ಆರಂಭವನ್ನು ತ್ಯಜಿಸಿದ್ದೇನೆಂದು ಅವನು ಹೇಗೆ ಹೇಳಬಲ್ಲ? ಒಡೆಯನು ಉಪವಾಸವಿದ್ದರೂ ಅವನ ಒಡೆತನ ಉಪವಾಸವಿಲ್ಲ. ಬೀಗದ ಕೈ ಪರರ ಕೈ ಸೇರಿದೊಡನೆ ವಸ್ತು ನಮ್ಮ ವ್ರತದ ಸೀಮೆಯಿಂದ ಹೊರಗೆ ಹೋಯಿತೆಂದು ತಿಳಿಯುವುದೇ ಭ್ರಾಂತಿ. ಅದರ ಬಾಡಿಗೆ ನಮಗೆ ಬರುತ್ತಿರುವವರೆಗೆ ಅದರ ನಡಿಗೆಯೂ ನಮ್ಮದೇ.

ಕೊನೆಗೆ ಆತ ಕೇಳಿದ: “ಹಾಗಾದರೆ ಸಾಲ ತೀರಿಸುವುದು ಹೇಗೆ?” ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅಂದಿನ ಆ ಬರ ವರ್ಷದಲ್ಲಿ ತಂದೆಯವರು ಎತ್ತುಗಳನ್ನು ಕೊಡದೆ ಇದ್ದಿದ್ದರೆ ನನಗೆ ಪುಸ್ತಕಗಳು ಬರುತ್ತಿರಲಿಲ್ಲ. ಆ ಪುಸ್ತಕಗಳಿಂದಲೇ ನಾನು ಮುಂದೆ ಶಿಕ್ಷಕನಾದೆ. ವ್ರತಕ್ಕೆ ಬೆಲೆ ಇಲ್ಲವೆಂದು ಹೇಳುವ ಅಧಿಕಾರ ನನಗಿಲ್ಲ. ಬೆಲೆ ಇದೆ, ಒಮ್ಮೊಮ್ಮೆ ದೊಡ್ಡದೇ ಇದೆ. ಆದರೆ ತಂದೆಯವರು ತೋರಿಸಿದ ಹಾದಿಯೂ ನನ್ನ ಕಣ್ಣ ಮುಂದಿತ್ತು. ತಪ್ಪಾದ ಮೇಲೆ ಅವರು ಕಾರಣಗಳನ್ನು ಹುಡುಕಲಿಲ್ಲ; ನಿಯಮ ಮಾಡಿಕೊಂಡರು. ಆದ್ದರಿಂದ ಶಿಷ್ಯನಿಗೆ ಕೆಲವು ಮಾತುಗಳನ್ನು ಹೇಳಿದೆ. ಅವನ್ನು ವಾಚಕರ ಮುಂದೆಯೂ ಇಡುತ್ತೇನೆ.

ಮೊದಲನೆಯದಾಗಿ, ವೇಗಕ್ಕಾಗಿಯೇ ನಿರ್ಮಿಸಿದ ವಾಹನವನ್ನು ಅಪರಿಚಿತರಿಗೆ ಬಾಡಿಗೆಗೆ ಕೊಡುವುದನ್ನು ವ್ರತಿಯು ಬಿಡಬೇಕು. ಎರಡನೆಯದಾಗಿ, ಸಾಧಾರಣ ವಾಹನವನ್ನು ಕೊಡುವುದಾದರೆ ರಾಜ್ಯದ ನಿಯಮದಂತೆ ಕೊಡಬೇಕು. ಯಾರಿಗೆ, ಯಾವ ಕಾರ್ಯಕ್ಕೆ ಎಂಬುದನ್ನು ತಾನೇ ಕೇಳಿ ತಿಳಿಯಬೇಕು. ಮೂರನೆಯದಾಗಿ, ಅಷ್ಟಮಿ-ಚತುರ್ದಶಿಗಳಲ್ಲಿಯೂ ಪರ್ವದ ದಿನಗಳಲ್ಲಿಯೂ ತಾನು ಓಡಿಸದಿರುವಂತೆಯೇ ಪರರಿಗೂ ಕೊಡದಿರಬೇಕು. ಆಪತ್ತಿನಲ್ಲಿರುವವರಿಗೆ ಹಣ ಪಡೆಯದೆ ಕೊಡುವುದು ಇದಕ್ಕೆ ಅಪವಾದ. ನಾಲ್ಕನೆಯದಾಗಿ, ಹೊರಲಾರದ ಪರಿಗ್ರಹವನ್ನು ಬಾಡಿಗೆಯ ಆಸರೆಯಿಂದ ಹೊರುವುದಕ್ಕಿಂತ ಇಳಿಸಿಬಿಡುವುದೇ ಲೇಸು.

ಆತ ಮಾರುತ್ತೇನೆಂದು ಮಾತು ಕೊಡಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಆದರೆ ಮರುದಿನ ಅನಂತ ಚತುರ್ದಶಿ. ಅಂದು ಬೆಳಿಗ್ಗೆ ಊರಿಗೆ ಹೊರಡುವ ಮುನ್ನ, ಮುಂದಿನ ದಶಲಕ್ಷಣ ಪರ್ವದವರೆಗೆ ಕಾರನ್ನು ಯಾವ ಅಪರಿಚಿತನಿಗೂ ಬಾಡಿಗೆಗೆ ಕೊಡುವುದಿಲ್ಲವೆಂದು ನಿಯಮ ಸ್ವೀಕರಿಸಿದ. ಕಾಲದ ಮಿತಿಯಿರುವುದು ನಿಯಮ, ಜೀವಾವಧಿಯದು ಯಮ. ಚಿಕ್ಕದರಿಂದಲೇ ದೊಡ್ಡದಕ್ಕೆ ಹೋಗಬೇಕು.

ಕಾರು ಎಲ್ಲರ ಮನೆಯಲ್ಲಿಲ್ಲ, ಸ್ಪೋರ್ಟ್ಸ್ ಕಾರಂತೂ ಬಹಳ ಅಪರೂಪ. ಆದರೆ ಮನೆ, ಮಳಿಗೆ, ಹೊಲ, ಟ್ರ್ಯಾಕ್ಟರು, ಬಾವಿಯ ಪಂಪು, ಹೀಗೆ ಬಾಡಿಗೆಗೆ ಕೊಟ್ಟದ್ದು ಒಂದಿಲ್ಲೊಂದು ಹಲವರ ಬಳಿ ಇದೆ. ಮಳಿಗೆಯಲ್ಲಿ ಬಾಡಿಗೆದಾರ ಏನನ್ನು ಮಾರುತ್ತಿದ್ದಾನೆಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಬರುವ ಚತುರ್ದಶಿಯಂದು ಉಪವಾಸದ ಸಂಕಲ್ಪ ಮಾಡುವಾಗ, ನಮ್ಮದೆಂದು ಬರೆಸಿಕೊಂಡ ವಸ್ತುಗಳು ಆ ದಿನ ಎಲ್ಲಿ, ಯಾರ ಕೈಯಲ್ಲಿ, ಏನು ಮಾಡುತ್ತಿವೆ ಎಂದು ಒಮ್ಮೆ ನೆನೆದು ನೋಡೋಣ. ಅಷ್ಟಾದರೆ ಈ ಬರಹ ಸಾರ್ಥಕ. ಇತ್ಯಲಮ್.